ದುಡ್ಡಿಗೆ ಸಾಕು, ವಿಳಾಸಕ್ಕೆ ಸಾಲದೇ?

ಕೋವಾಡದ ನಮ್ಮ ಕಾಕಾ ಆ ದಿನ ಬೆಳಗಾವಿಗೆ ಬಂದಾಗ ಕೈಯಲ್ಲೊಂದು ಚೀಲ, ಅದರೊಳಗೆ ರಬ್ಬರ್ ಹಾಕಿ ಕಟ್ಟಿದ ನಾಲ್ಕು ಪಾಸ್‌ಬುಕ್ಕು. ನಾಲ್ಕೂ ಒಂದೇ ಸಹಕಾರಿ ಬ್ಯಾಂಕಿನವು, ಒಂದೇ ಖಾತೆಯವು. ಒಂದು ತುಂಬಿದ ಮೇಲೆ ಇನ್ನೊಂದು ಕೊಟ್ಟಿದ್ದರು. ಕಬ್ಬಿನ ಬಿಲ್ಲು, ಸೊಸಾಯಿಟಿ ಸಾಲ, ಗೊಬ್ಬರದ ರೊಕ್ಕ, ಮಗಳ ಲಗ್ನಕ್ಕೆ ತೆಗೆದ ರೊಕ್ಕ, ಹೀಗೆ ಮೂವತ್ತು ವರ್ಷದ ಸಂಸಾರವೆಲ್ಲ ಅದರೊಳಗೆ ಬರೆದಿತ್ತು. ಮಗಳು, ಅಳಿಯ ದುಬೈಯಲ್ಲಿದ್ದಾರೆ. ಮೊಮ್ಮಗ ಹುಟ್ಟಿದ್ದ. ಅವನನ್ನು ನೋಡಲು ಹೋಗಬೇಕೆಂದರೆ ಕಾಕಾನಿಗೆ ಪಾಸ್‌ಪೋರ್ಟ್ ಬೇಕು.

ಮಕ್ಕಳ ಶಾಲೆಗಾಗಿ ಬೆಳಗಾವಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಕಾಲದಲ್ಲಿ ಮಾಡಿಸಿದ ಆಧಾರ್ ಕಾರ್ಡು ಅವರದು. ಅದರಲ್ಲಿ ಬೆಳಗಾವಿಯ ವಿಳಾಸ. ಕೋವಾಡದ ಮನೆಯ ಲೈಟ್ ಬಿಲ್ಲು ಎಂದೋ ತೀರಿಹೋದ ಅಜ್ಜನ ಹೆಸರಿನಲ್ಲಿ ಬರುತ್ತದೆ. ಸಾತಬಾರಾ ಉತಾರದಲ್ಲಿ ಅಣ್ಣತಮ್ಮಂದಿರು ಸೇರಿ ಏಳು ಹೆಸರು. ಕಾಕಾನ ಸ್ವಂತ ಹೆಸರು, ಫೋಟೊ, ಕೋವಾಡದ ವಿಳಾಸ ಈ ಮೂರೂ ಒಂದೇ ಪುಟದಲ್ಲಿ ಇದ್ದದ್ದು ಪಾಸ್‌ಬುಕ್ಕಿನಲ್ಲಿ ಮಾತ್ರ. ದಾಖಲೆ ನೋಡುವ ಕಿಟಕಿಯಲ್ಲಿದ್ದವರು ಅದನ್ನು ತಿರುವಿ ಹಾಕಿ, "ಸಹಕಾರಿ ಬ್ಯಾಂಕಿಂದು ನಮ್ಮ ಯಾದಿಯೊಳಗ ಬರೂದಿಲ್ಲ ಅಜ್ಜಾರ" ಎಂದು ವಾಪಸು ಕೊಟ್ಟರು. ಸಿಟ್ಟಿನಿಂದ ಅಲ್ಲ, ನಿಯಮ ಇದ್ದಂತೆ ಹೇಳಿದರು.

ಹೊರಗೆ ಬಂದು ಚಹಾ ಕುಡಿಯುವಾಗ ಕಾಕಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಸರ್ಕಾರ ರೊಕ್ಕಾ ಇದ ಖಾತೇಕ್ಕ ಹಾಕತೈತಿ. ಅವಾಗ ನಾ ಖರೇ. ಊರು ಯಾವುದು ಅಂತ ಕೇಳಿದ್ರ ಅದ ಬುಕ್ಕ ಸುಳ್ಳ ಆಗತೈತೇನ?"

ಆ ಪ್ರಶ್ನೆಗೆ ನನ್ನ ಹತ್ತಿರ ಆ ಹೊತ್ತು ಉತ್ತರ ಇರಲಿಲ್ಲ. ಇಂದಿನ ಈ ಬರಹ ಆ ಉತ್ತರವನ್ನು ಹುಡುಕುವ ಪ್ರಯತ್ನ.

ವಿಳಾಸದ ಮಾತು ಬೇರೆ ಊರಿನವರಿಗೆ ಬರೀ ಅರ್ಜಿಯಲ್ಲಿ ತುಂಬುವ ಒಂದು ಸಾಲು. ನಮ್ಮ ಗಡಿ ಭಾಗದಲ್ಲಿ ಅದು ಹಾಗಲ್ಲ. ತಾಮ್ರಪರ್ಣಿ ದಂಡೆಯ ಕೋವಾಡವನ್ನೇ ನೋಡಿ. 'ಸ್ವಾಮಿ' ಕಾದಂಬರಿ ಬರೆದ ರಣಜಿತ ದೇಸಾಯಿಯವರ ಊರು ಎಂದು ಮರಾಠಿ ಓದುಗರಿಗೆಲ್ಲ ಗೊತ್ತು. ಈ ಊರಿರುವ ಚಂದಗಡ ತಾಲೂಕು 1956ರವರೆಗೂ ಮುಂಬಯಿ ರಾಜ್ಯದ ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ಆ ವರ್ಷದ ರಾಜ್ಯ ಪುನರ್ವಿಂಗಡಣೆ ಕಾಯ್ದೆಯಲ್ಲಿ 'ಚಂದಗಡ ತಾಲೂಕು ಬಿಟ್ಟು ಬೆಳಗಾವಿ ಜಿಲ್ಲೆ' ಮೈಸೂರು ರಾಜ್ಯಕ್ಕೆ ಎಂದು ಬರೆದರು. ನವೆಂಬರ್ 1ರಿಂದ ಚಂದಗಡ ಕೊಲ್ಹಾಪುರ ಜಿಲ್ಲೆಗೆ ಸೇರಿತು. 1960ರ ಮೇ 1ರಂದು ಮುಂಬಯಿ ರಾಜ್ಯ ಹೋಗಿ ಮಹಾರಾಷ್ಟ್ರ ಬಂತು. ಇತ್ತ 1973ರಲ್ಲಿ ಮೈಸೂರು ಕರ್ನಾಟಕವಾಯಿತು, 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಆಯಿತು. ಮನೆ ಇದ್ದಲ್ಲೇ ಇತ್ತು, ಹೊಲ ಇದ್ದಲ್ಲೇ ಇತ್ತು, ಬಾವಿಯೂ ಸರಿದಿಲ್ಲ. ವಿಳಾಸ ಮಾತ್ರ ನಡೆದಾಡಿತು.

ಅಜ್ಜನ ಶಾಲೆಯ ದಾಖಲೆಯಲ್ಲಿ ಜಿಲ್ಲೆ ಬೆಳಗಾಂ, ಮೊಮ್ಮಗನದರಲ್ಲಿ ಕೊಲ್ಹಾಪುರ. ಹೆಸರಿನದೂ ಅದೇ ಕತೆ. ಬೆಳಗಾವಿಯ ಕಡೆ ತಂದೆಯ ಹೆಸರಿನ ಒಂದಕ್ಷರ ಬರೆದು ಮುಗಿಸುತ್ತಾರೆ, ಕೊಲ್ಹಾಪುರದ ಕಡೆ ತಂದೆಯ ಪೂರ್ತಿ ಹೆಸರನ್ನು ನಡುವೆ ಇಟ್ಟು ಮನೆತನದ ಹೆಸರು ಕೊನೆಗೆ ಬರೆಯುತ್ತಾರೆ. ಕನ್ನಡದ ಬಸಪ್ಪ ದೇವನಾಗರಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದು ಅಕ್ಷರ ಕಳೆದುಕೊಳ್ಳುತ್ತಾನೆ, ಇಲ್ಲವೇ ಒಂದು ಅಕ್ಷರ ಗಳಿಸುತ್ತಾನೆ. ಕಂಪ್ಯೂಟರಿಗೆ ಅದು ಬೇರೆ ಮನುಷ್ಯ.

ಇಷ್ಟರ ಮೇಲೆ 2019ರ ಆಗಸ್ಟ್‌ನ ಮಹಾಪೂರ. ಕೋವಾಡದ ಪೇಟೆಯೊಳಗೆ ನೀರು ಹೊಕ್ಕು ದುಕಾನುಗಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಸರಕಿನ ಜೊತೆ ಟ್ರಂಕಿನೊಳಗಿನ ಕಾಗದಪತ್ರವೂ ನೀರುಪಾಲಾಗುತ್ತದೆ. ಮನೆಯಲ್ಲಿಟ್ಟ ಕಾಗದ ಹೋದರೆ ಹೋಯಿತು. ಆದರೆ ಬ್ಯಾಂಕಿನ ಕಾಗದದ ಒಂದು ಗುಣ ನೋಡಿ: ನಮ್ಮ ಪ್ರತಿ ನೆನೆದರೂ ಮೂಲ ಲೆಕ್ಕ ಬ್ಯಾಂಕಿನಲ್ಲಿ ಇರುತ್ತದೆ, ಹೊಸ ಪುಸ್ತಕ ಬರೆಸಿಕೊಳ್ಳಬಹುದು. ರೈತ ಪಾಸ್‌ಬುಕ್ಕನ್ನು ಬರೀ ರೊಕ್ಕದ ಪುಸ್ತಕ ಎಂದು ತಿಳಿಯದೆ ತನ್ನ ಗುರುತಿನ ಪುಸ್ತಕ ಎಂದು ತಿಳಿಯುವುದಕ್ಕೆ ಇದೇ ಕಾರಣ.

ಹಾಗಾದರೆ ಸರ್ಕಾರ ಅದನ್ನು ಏನೆಂದು ತಿಳಿಯುತ್ತದೆ? ಇಲ್ಲೇ ಇರುವುದು ಗೊಂದಲ. ಒಂದು ಕಚೇರಿಯ ಮಾತು ಇನ್ನೊಂದಕ್ಕೆ ತಾಳೆ ಇಲ್ಲ.

ಮತ ಹಾಕಲು ಹೋದಾಗ ಮತದಾರರ ಚೀಟಿ ಇಲ್ಲದಿದ್ದರೆ ಬ್ಯಾಂಕು ಇಲ್ಲವೇ ಅಂಚೆ ಕಚೇರಿ ಕೊಟ್ಟ ಫೋಟೊ ಇರುವ ಪಾಸ್‌ಬುಕ್ಕು ತೋರಿಸಬಹುದು ಎಂದು ಚುನಾವಣಾ ಆಯೋಗವೇ ಹೇಳುತ್ತದೆ. ಯಾದಿಯಲ್ಲಿ ಹೆಸರು ಮಾತ್ರ ಇರಬೇಕು. ಹೊಸದಾಗಿ ಹೆಸರು ಸೇರಿಸುವ ನಮೂನೆ 6ರಲ್ಲಿಯೂ ವಿಳಾಸಕ್ಕೆ ಚಾಲ್ತಿ ಪಾಸ್‌ಬುಕ್ಕು ನಡೆಯುತ್ತದೆ; ಆದರೆ ಅಲ್ಲಿ ರಾಷ್ಟ್ರೀಕೃತ ಅಥವಾ ಶೆಡ್ಯೂಲ್ಡ್ ಬ್ಯಾಂಕ್, ಇಲ್ಲವೇ ಅಂಚೆ ಕಚೇರಿಯದು ಎಂದು ಬರೆದಿದೆ. ಪಾಸ್‌ಪೋರ್ಟಿಗೂ ಫೋಟೊ ಪಾಸ್‌ಬುಕ್ಕು ವಿಳಾಸದ ಪುರಾವೆ. ಆದರೆ ಸರ್ಕಾರಿ ಬ್ಯಾಂಕು, ಶೆಡ್ಯೂಲ್ಡ್ ಖಾಸಗಿ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕಿನದು ಮಾತ್ರ. ಜಿಲ್ಲಾ ಸಹಕಾರಿ ಬ್ಯಾಂಕಿನ ಹೆಸರು ಅಲ್ಲಿಲ್ಲ. ಜಿಎಸ್‌ಟಿ ನೋಂದಣಿ ಮಾಡಿಸಿದ ವ್ಯಾಪಾರಿಗೆ ಪಾಸ್‌ಬುಕ್ಕಿನ ಮೊದಲ ಪುಟ ಖಾತೆಯ ಸಾಕ್ಷಿ ಅಷ್ಟೇ. ಅಂಗಡಿ ಎಲ್ಲಿದೆ ಎಂಬುದಕ್ಕೆ ಲೈಟ್ ಬಿಲ್ಲು, ಕರದ ಪಾವತಿ, ಬಾಡಿಗೆ ಕರಾರು ಇಂಥವು ಬೇಕು.

ಎಲ್ಲಕ್ಕಿಂತ ಸೋಜಿಗದ್ದು ಬ್ಯಾಂಕಿನದೇ ಮಾತು. ಒಂದು ಬ್ಯಾಂಕಿನ ಸ್ಟೇಟ್‌ಮೆಂಟನ್ನು ಇನ್ನೊಂದು ಬ್ಯಾಂಕು ವಿಳಾಸದ ಪುರಾವೆ ಎಂದು ಕೆಲವು ಕಾಲ ಒಪ್ಪುತ್ತಿತ್ತು. ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಲ್ಲಿ ಕಡಿಮೆ ಅಪಾಯದ ಗ್ರಾಹಕರಿಗೆಂದು ಆ ಸಡಿಲಿಕೆ ಇತ್ತು. 2017ರ ತಿದ್ದುಪಡಿಯ ನಂತರ ಅದು ಹೋಯಿತು. ಈಗ ಖಾತೆ ತೆರೆಯಲು ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಚೀಟಿ, ಉದ್ಯೋಗ ಖಾತ್ರಿ ಕಾರ್ಡು, ಆಧಾರ್ ಇಂಥ ಕೆಲವೇ ಅಧಿಕೃತ ದಾಖಲೆ. ಅವುಗಳಲ್ಲಿ ಈಗಿನ ವಿಳಾಸ ಇಲ್ಲದಿದ್ದರೆ ಎರಡು ತಿಂಗಳೊಳಗಿನ ಲೈಟ್, ನೀರು, ಫೋನು, ಗ್ಯಾಸ್ ಬಿಲ್ಲು, ಮನೆಪಟ್ಟಿಯ ಪಾವತಿ, ಪಿಂಚಣಿ ಆದೇಶ ಇಂಥವು ತಾತ್ಕಾಲಿಕವಾಗಿ ನಡೆಯುತ್ತವೆ. ಮೂರು ತಿಂಗಳೊಳಗೆ ಹೊಸ ವಿಳಾಸದ ಅಧಿಕೃತ ದಾಖಲೆ ತರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಆ ಯಾದಿಯಲ್ಲಿಲ್ಲ. ಬ್ಯಾಂಕೇ ಬ್ಯಾಂಕಿನ ಕಾಗದ ನಂಬದ ಕಾಲ ಇದು.

ಹಾಗೆಂದು ಅಧಿಕಾರಿಗಳ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಪಾಸ್‌ಬುಕ್ಕಿನಲ್ಲಿ ಇರುವ ವಿಳಾಸ ಬ್ಯಾಂಕು ಹುಡುಕಿ ಬರೆದದ್ದಲ್ಲ, ನಾವು ಹೇಳಿ ಬರೆಸಿದ್ದು. ಹತ್ತು ವರ್ಷದ ಹಿಂದೆ ಊರು ಬಿಟ್ಟವನ ಪಾಸ್‌ಬುಕ್ಕಿನಲ್ಲಿಯೂ ಹಳೇ ವಿಳಾಸವೇ ಇರುತ್ತದೆ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಬಂದಾಗ ಒಂದೂ ದಾಖಲೆ ಇಲ್ಲದವರಿಗೆ ಬರೀ ಫೋಟೊ ಮತ್ತು ಸಹಿ ಇಲ್ಲವೇ ಹೆಬ್ಬೆಟ್ಟಿನ ಮೇಲೆ 'ಸಣ್ಣ ಖಾತೆ' ತೆರೆದರು. ಅದರಲ್ಲಿ 50,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ದಾಖಲೆ ಇಲ್ಲದೆ ತೆರೆದ ಖಾತೆಯ ಪುಸ್ತಕವೇ ಮುಂದೆ ದಾಖಲೆಯಾಗುವುದು ಹೇಗೆ ಎಂದು ಕೇಳಿದರೆ ತಪ್ಪಲ್ಲ. ಅಲ್ಲದೆ ಇಂದು ಯಾವ ಝೆರಾಕ್ಸ್ ಅಂಗಡಿಯಲ್ಲಿಯೂ ಸ್ಟೇಟ್‌ಮೆಂಟಿನ ಅಕ್ಷರ ತಿದ್ದಿಸಬಹುದು. ನ್ಯಾಯಾಲಯದಲ್ಲಿ ಬ್ಯಾಂಕಿನ ಲೆಕ್ಕಕ್ಕೆ ಬೆಲೆ ಇದೆ. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯಂತೆ ಬ್ಯಾಂಕು ದೃಢೀಕರಿಸಿ ಕೊಟ್ಟ ನಕಲು ಮೇಲ್ನೋಟದ ಸಾಕ್ಷಿ ಆಗುತ್ತದೆ. ಆದರೆ ಅದು ರೊಕ್ಕ ಬಂದದ್ದು ಹೋದದ್ದಕ್ಕೆ ಸಾಕ್ಷಿ. ಮನುಷ್ಯ ಯಾವ ಓಣಿಯಲ್ಲಿ ಇದ್ದಾನೆ ಎಂಬುದಕ್ಕಲ್ಲ.

ಇದೆಲ್ಲ ಒಪ್ಪೋಣ. ನನ್ನ ತಕರಾರು ಬೇರೆ. ಪಾಸ್‌ಬುಕ್ಕು ದುರ್ಬಲ ಪುರಾವೆ ಎಂದಾದರೆ ಎಲ್ಲ ಬ್ಯಾಂಕಿನದೂ ದುರ್ಬಲವೇ. ಪಟ್ಟಣದ ಖಾಸಗಿ ಬ್ಯಾಂಕಿನ ಪುಸ್ತಕ ನಡೆಯುತ್ತದೆ, ರೈತನ ಸಹಕಾರಿ ಬ್ಯಾಂಕಿನದು ನಡೆಯುವುದಿಲ್ಲ ಎಂಬುದಕ್ಕೆ ಏನು ಅರ್ಥ?

ಗಡಿಯ ಆಚೆ ಈಚೆ ಎರಡೂ ಕಡೆ ಕಬ್ಬು ಬೆಳೆಯುವವನ ಬ್ಯಾಂಕು ಎಂದರೆ ಬಹಳ ಕಡೆ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು. ಊರಿನ ಸೊಸಾಯಿಟಿ ಮೂಲಕ ಬೆಳೆ ಸಾಲ ಬರುವುದು ಅಲ್ಲಿಂದಲೇ. 2019ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಮಹಾತ್ಮಾ ಜ್ಯೋತಿರಾವ ಫುಲೆ ಹೆಸರಿನಲ್ಲಿ ಎರಡು ಲಕ್ಷದವರೆಗಿನ ಬೆಳೆ ಸಾಲ ಮನ್ನಾ ಘೋಷಿಸಿದಾಗ ಈ ಸಹಕಾರಿ ಖಾತೆಗಳನ್ನೇ ಹಿಡಿದು ಯಾದಿ ಮಾಡಿದರು. ಪ್ರತಿ ರೈತನೂ ಆಧಾರ್ ಹಿಡಿದು ಹೋಗಿ ಬೆರಳು ಒತ್ತಿ 'ನಾನೇ ಅವನು' ಎಂದು ಪ್ರಮಾಣೀಕರಿಸಿದ. ಅಂದರೆ ಖಾತೆಗೂ ಮನುಷ್ಯನಿಗೂ ಗಂಟು ಹಾಕಿದ್ದು ಸ್ವತಃ ಸರ್ಕಾರ. ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿಯಂತೆ ಮೂರು ಕಂತಿನಲ್ಲಿ ಬರುವುದೂ ಆಧಾರ್ ಜೋಡಿಸಿದ ಖಾತೆಗೇ. ಇಷ್ಟು ತಪಾಸಣೆ ಆದ ಖಾತೆಯ ಪುಸ್ತಕ ಒಂದು ವಿಳಾಸ ಹೇಳಲು ಯೋಗ್ಯವಲ್ಲವೇ?

ಸಹಕಾರಿ ಬ್ಯಾಂಕುಗಳ ಆಡಳಿತ ಸಡಿಲ, ರಿಸರ್ವ್ ಬ್ಯಾಂಕಿನ ಹಿಡಿತ ಕಡಿಮೆ ಎಂಬ ಮಾತು ಮೊದಲಿನಿಂದ ಇದೆ. ಅದರಲ್ಲಿ ಸತ್ಯವೂ ಇತ್ತು. 2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಪಿಎಂಸಿ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ, ಸಾಲ ಮುಚ್ಚಿಡಲು ಸುಳ್ಳು ಖಾತೆಗಳನ್ನು ತೋರಿಸಿದ ಆರೋಪ ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಅದಾದ ಮೇಲೆ ಸಂಸತ್ತು ಸುಮ್ಮನೆ ಕೂರಲಿಲ್ಲ. 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದು ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಅಧಿಕಾರ ಹೆಚ್ಚಿಸಿದರು. ರಾಜ್ಯ ಮತ್ತು ಜಿಲ್ಲಾ ಸಹಕಾರಿ ಬ್ಯಾಂಕುಗಳಿಗೆ ಅದು 2021ರ ಏಪ್ರಿಲ್ 1ರಿಂದ ಜಾರಿಯಾಯಿತು. ಗ್ರಾಹಕನ ಗುರುತು ಪರೀಕ್ಷೆಯ ನಿಯಮ, ಅಂದರೆ ಕೆವೈಸಿ, ದೊಡ್ಡ ಬ್ಯಾಂಕಿಗೆ ಹೇಗೋ ಸಹಕಾರಿ ಬ್ಯಾಂಕಿಗೂ ಹಾಗೇ ಇದೆ. ಪರೀಕ್ಷೆ ಒಂದೇ ಆದ ಮೇಲೆ ಪ್ರಮಾಣಪತ್ರದ ಬೆಲೆ ಬೇರೆ ಬೇರೆ ಯಾಕೆ? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕೇ ಹೇಳಿದ್ದು.

ಇನ್ನೊಂದು ಕಡೆಯಿಂದಲೂ ಈ ಪುಸ್ತಕದ ಬೆಲೆ ನೋಡಬೇಕು. 2025ರ ಜೂನ್‌ನಲ್ಲಿ ಚುನಾವಣಾ ಆಯೋಗ ಬಿಹಾರದಲ್ಲಿ ಮತದಾರರ ಯಾದಿಯ ವಿಶೇಷ ಪರಿಷ್ಕರಣೆ ಶುರು ಮಾಡಿದಾಗ 11 ದಾಖಲೆಗಳ ಪಟ್ಟಿ ಕೊಟ್ಟಿತು. ಆಧಾರ್ ಅದರಲ್ಲಿ ಇರಲಿಲ್ಲ; ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಹನ್ನೆರಡನೆಯದಾಗಿ ಸೇರಿತು, ಅದೂ ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ. ಆದರೆ ಆ ಮೊದಲ ಪಟ್ಟಿಯಲ್ಲೇ ಒಂದು ಸಾಲು ಇತ್ತು: 1987ರ ಜುಲೈ 1ಕ್ಕಿಂತ ಮೊದಲು ಸರ್ಕಾರ, ಸ್ಥಳೀಯ ಸಂಸ್ಥೆ, ಬ್ಯಾಂಕು, ಅಂಚೆ ಕಚೇರಿ, ಜೀವ ವಿಮಾ ನಿಗಮ ಕೊಟ್ಟ ಯಾವುದೇ ಗುರುತಿನ ದಾಖಲೆ. ಅದೇ ಅಕ್ಟೋಬರ್ 27ರಂದು ಈ ಪರಿಷ್ಕರಣೆಯನ್ನು ಗೋವಾ, ಕೇರಳ ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಘೋಷಿಸಿದರು. ಅಂದರೆ ಕಾಸರಗೋಡಿನ ಕನ್ನಡಿಗರ ಮನೆಬಾಗಿಲಿಗೂ ಅದು ಬಂತು.

ನಮ್ಮಲ್ಲಿ ತುಂಬಿಹೋದ ಪಾಸ್‌ಬುಕ್ಕನ್ನು ಏನು ಮಾಡುತ್ತೇವೆ? ಮಕ್ಕಳಿಗೆ ಆಡಲು ಕೊಡುತ್ತೇವೆ, ಇಲ್ಲವೇ ರದ್ದಿಗೆ ಹಾಕುತ್ತೇವೆ. ಅಜ್ಜನ ಹೆಸರಿದ್ದ, ಬ್ಯಾಂಕಿನ ಶಿಕ್ಕಾ ಬಿದ್ದ ಆ ಹಳದಿ ಪುಸ್ತಕ ಎಂದಾದರೂ ಕೆಲಸಕ್ಕೆ ಬಂದೀತು ಎಂದು ಯಾರಿಗೆ ಗೊತ್ತಿತ್ತು? ಬ್ಯಾಂಕಿನ ಹೆಸರೇ ಈಗ ಇಲ್ಲ ಎಂದು ಎಸೆಯಬೇಡಿ. ನಮ್ಮ ಭಾಗದ ಎಷ್ಟೋ ಬ್ಯಾಂಕು ಹಾಗೆ ಕರಗಿವೆ. 1930ರ ಬೆಳಗಾಂ ಬ್ಯಾಂಕು 1975ರಲ್ಲಿ, ಮಿರಜ ಸ್ಟೇಟ್ ಬ್ಯಾಂಕು 1985ರಲ್ಲಿ ಯೂನಿಯನ್ ಬ್ಯಾಂಕಿಗೆ ಸೇರಿದವು. ಸಾಂಗಲಿ ಬ್ಯಾಂಕು 2007ರಲ್ಲಿ ಐಸಿಐಸಿಐಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾಕ್ಕೆ ಹೋದವು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಬ್ಯಾಂಕು ಹೋದರೂ ಅದು ಅಂದು ಒತ್ತಿದ ಶಿಕ್ಕಾ ಸುಳ್ಳಾಗುವುದಿಲ್ಲ. ಹಳೆಯದನ್ನು ಕಾಗದ ಎಂದು ಇಟ್ಟುಕೊಳ್ಳಿ, ಚಾಲ್ತಿಯದನ್ನು ಮಾತ್ರ ಹೊಸ ಹೆಸರಿನಲ್ಲಿ ಬರೆಸಿಕೊಳ್ಳಿ.

ಓದುಗ ಬಾಂಧವರಿಗೆ ನಾನು ಹೇಳುವುದು ಇಷ್ಟು. ಕಷ್ಟ ಬಂದ ದಿನ ಓಡಾಡುವ ಬದಲು ಈ ವಾರವೇ ಪಾಸ್‌ಬುಕ್ಕಿನ ಮೊದಲ ಪುಟ ತೆಗೆದು ನೋಡಿ. ಫೋಟೊ ಇದೆಯೇ, ಫೋಟೊದ ಮೇಲೆ ಬ್ಯಾಂಕಿನ ಶಿಕ್ಕಾ ಮತ್ತು ಸಹಿ ಬಿದ್ದಿದೆಯೇ? ಹೆಸರು ಆಧಾರ್‌ನಲ್ಲಿ ಇದ್ದಂತೆ ಅಕ್ಷರಕ್ಕೆ ಅಕ್ಷರ ಇದೆಯೇ? ವಿಳಾಸದಲ್ಲಿ ಊರು, ಪೋಸ್ಟು, ತಾಲೂಕು, ಜಿಲ್ಲೆ, ಪಿನ್ ಕೋಡು ಪೂರ್ತಿ ಇವೆಯೇ? ಬರೀ 'ಮುಕ್ಕಾಂ ಪೋಸ್ಟ್ ಕೋವಾಡ' ಎಂದಿದ್ದರೆ ಸಾಲದು. ಉಳಿತಾಯ ಖಾತೆಯ ಎಲ್ಲರಿಗೂ ಪಾಸ್‌ಬುಕ್ಕು ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕು 2006ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. 'ಮೊಬೈಲಿನ್ಯಾಗ ನೋಡ್ಕೋರಿ' ಎಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ.

ಗಡಿಯ ಆ ಕಡೆ ಮನೆ, ಈ ಕಡೆ ವ್ಯಾಪಾರ ಇರುವವರು ಇನ್ನೊಂದು ಮಾತು ತಿಳಿದಿರಬೇಕು. ಖಾತೆಗೆ ಕಾಯಂ ವಿಳಾಸ ಇಲ್ಲವೇ ಈಗಿನ ವಿಳಾಸ, ಎರಡರಲ್ಲಿ ಒಂದಕ್ಕೆ ಪುರಾವೆ ಕೊಟ್ಟರೆ ಸಾಕು ಎಂದು ರಿಸರ್ವ್ ಬ್ಯಾಂಕು 2014ರ ಜೂನ್‌ನಲ್ಲಿ ಹೇಳಿತು. ಕೆವೈಸಿ ಹೊಸದು ಮಾಡಿಸುವಾಗ ಏನೂ ಬದಲಾಗಿಲ್ಲದಿದ್ದರೆ ಸ್ವಯಂ ಘೋಷಣೆ ಸಾಕು. ವಿಳಾಸ ಒಂದೇ ಬದಲಾಗಿದ್ದರೂ ಘೋಷಣೆ ತೆಗೆದುಕೊಂಡು ಎರಡು ತಿಂಗಳೊಳಗೆ ಅದನ್ನು ಖಾತ್ರಿ ಮಾಡಿಕೊಳ್ಳುವುದು ಬ್ಯಾಂಕಿನ ಕೆಲಸ. ಆಧಾರ್‌ನಲ್ಲಿ ವಿಳಾಸ ತಿದ್ದಲು ಸ್ವಂತ ಹೆಸರಿನ ಕಾಗದ ಇಲ್ಲದಿದ್ದರೆ, ಕುಟುಂಬದ ಹಿರಿಯರ ಒಪ್ಪಿಗೆಯ ಮೇಲೆ ಅವರ ವಿಳಾಸ ಹಾಕಿಸಿಕೊಳ್ಳುವ ಅನುಕೂಲವೂ 2023ರಿಂದ ಇದೆ. ತೀರಿಹೋದವರ ಹೆಸರಿನ ಲೈಟ್ ಬಿಲ್ಲು, ಮನೆಪಟ್ಟಿಯನ್ನು ನಾಳೆ ನೋಡೋಣ ಎನ್ನದೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಎಚ್ಚರಿಕೆಯ ಮಾತೂ ಒಂದಿದೆ. ವಿಳಾಸಕ್ಕೆಂದು ಕೊಡುವಾಗ ಮೊದಲ ಪುಟದ ಝೆರಾಕ್ಸ್ ಸಾಕು, ರೊಕ್ಕದ ಪುಟ ಕೊಡಬೇಡಿ. ಝೆರಾಕ್ಸಿನ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆದು ಸಹಿ ಮಾಡಿ. ತಿಂಗಳಿಗಿಷ್ಟು ಕೊಡುತ್ತೇವೆ, ಪಾಸ್‌ಬುಕ್ಕು ಮತ್ತು ಎಟಿಎಂ ಕೊಡಿ ಎಂದು ಕೇಳುವವರಿಗೆ ಖಾತೆ ಬಾಡಿಗೆಗೆ ಕೊಟ್ಟರೆ ಮೋಸದ ರೊಕ್ಕ ಅದರಲ್ಲಿ ಹಾಯ್ದು ಹೋಗುತ್ತದೆ. ಆಮೇಲೆ ಪೊಲೀಸರು ಬರುವುದು ಅದೇ ಮೊದಲ ಪುಟದ ವಿಳಾಸ ಹಿಡಿದುಕೊಂಡು. ಆಗ ಮಾತ್ರ ಆ ವಿಳಾಸವನ್ನು ಯಾರೂ ಅನುಮಾನಿಸುವುದಿಲ್ಲ!

ಸರ್ಕಾರಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ಆಧಾರ್ ಜೋಡಿಸಿದ, ಕೆವೈಸಿ ಪೂರ್ತಿಯಾದ, ಫೋಟೊ ಇರುವ ಜಿಲ್ಲಾ ಸಹಕಾರಿ ಬ್ಯಾಂಕಿನ ಪಾಸ್‌ಬುಕ್ಕನ್ನು ಪಾಸ್‌ಪೋರ್ಟಿಗೂ ಮತದಾರರ ನಮೂನೆಗೂ ಬೇರೆ ಬ್ಯಾಂಕಿನ ಸರಿಸಮಾನವಾಗಿ ಒಪ್ಪಬೇಕು. ಸಂಶಯ ಇದ್ದರೆ ಶಾಖೆಯಿಂದ ಒಂದು ದೃಢೀಕರಣ ಪತ್ರ ಕೇಳಲಿ, ರೈತ ಇಲ್ಲ ಎನ್ನುವುದಿಲ್ಲ. ಬ್ಯಾಂಕುಗಳೂ ತಮ್ಮ ಪಾಲಿನ ಕೆಲಸ ಮಾಡಬೇಕು. ಪಾಸ್‌ಬುಕ್ಕು, ಅರ್ಜಿ ನಮೂನೆಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕು ಎಂಬ ಸೂಚನೆ ಇದೆ. ಗಡಿಯ ಶಾಖೆಗಳಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲವರೊಬ್ಬರು ಹೆಸರು ಬರೆಯುವ ಹೊತ್ತಿಗೆ ಕೂತರೆ ಅರ್ಧ ಅಕ್ಷರದೋಷ ಹುಟ್ಟುವುದೇ ಇಲ್ಲ. ಗಡಹಿಂಗ್ಲಜ ಕಡೆಯ ಕನ್ನಡದ ಮನೆಗಳಿಗೂ, ಬೆಳಗಾವಿ ಕಡೆಯ ಮರಾಠಿ ಮನೆಗಳಿಗೂ ಇದರಿಂದ ಒಂದೇ ಉಪಕಾರ. ಗಡಿ ವಾದ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ಅದು ಅದರ ದಾರಿಯಲ್ಲಿ ನಡೆಯಲಿ. ಪಾಸ್‌ಬುಕ್ಕಿನ ಅಕ್ಷರ ತಿದ್ದಲು ಯಾವ ತೀರ್ಪೂ ಬೇಕಾಗಿಲ್ಲ.

ಕಾಕಾನ ಕತೆ ಮುಗಿದದ್ದು ಹೀಗೆ: ಲೈಟ್ ಬಿಲ್ಲನ್ನು ತನ್ನ ಹೆಸರಿಗೆ ಮಾಡಿಸಿ, ಅದರಿಂದ ಆಧಾರ್ ತಿದ್ದಿಸಿ, ಮತ್ತೆ ಅರ್ಜಿ ಹಾಕಿ ಪಾಸ್‌ಪೋರ್ಟ್ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಇವರು ದುಬೈ ಮುಟ್ಟಿದಾಗ ಮೊಮ್ಮಗ ಗೋಡೆ ಹಿಡಿದು ನಡೆಯುತ್ತಿದ್ದ. ಮೂವತ್ತು ವರ್ಷ ಒಂದೇ ಊರು, ಒಂದೇ ಮನೆ, ಒಂದೇ ಬ್ಯಾಂಕು ಎಂದು ಬಾಳಿದ ಮನುಷ್ಯ ತನ್ನ ಊರು ಯಾವುದೆಂದು ತೋರಿಸಲು ಎಂಟು ತಿಂಗಳು ತಿರುಗಬೇಕಾಯಿತು. ಇಂಥ ಕಾಕಾಗಳು ಗಡಿಯ ಎರಡೂ ಕಡೆ ಮನೆಮನೆಯಲ್ಲಿ ಇದ್ದಾರೆ. ಅವರ ಸಾಲದ ಬಾಕಿ ವಸೂಲಿಗೆ ನೋಟೀಸು ಕಳಿಸುವಾಗ ಪಾಸ್‌ಬುಕ್ಕಿನ ವಿಳಾಸ ಸರಿಯಾಗಿಯೇ ಸಿಗುತ್ತದೆ. ಅವರು ಹಕ್ಕು ಕೇಳಿಕೊಂಡು ಬಂದಾಗಲೂ ಅದೇ ವಿಳಾಸ ಸರಿ ಎನ್ನುವಷ್ಟು ನ್ಯಾಯ ಇರಲಿ.